ಹಾನಗಲ್ಲಿನ ಬೆಂಡಿಂಗ್ ಮಷೀನು

ಮೂವತ್ತು ವರ್ಷ ಹೊಲಗಳ ಮೋಜಣಿ ಮಾಡಿದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಯಾರು ಏನು ಹೇಳಿದರೂ, ಹೀಗೆ ಹೇಳುವುದರಿಂದ ಇವನಿಗೆ ಎಷ್ಟು ಗುಂಟೆ ದಕ್ಕುತ್ತದೆ ಎಂದು ಮನಸ್ಸು ತನ್ನಷ್ಟಕ್ಕೆ ಯೋಚಿಸತೊಡಗುತ್ತದೆ. ಗಡಿಯ ಬಾಂದುಕಲ್ಲು ಅಜ್ಜನ ಕಾಲದಿಂದ ಇಲ್ಲೇ ಇದೆ ಎಂದು ದೇವರ ಆಣೆ ಮಾಡಿದವರ ಉಗುರಿನಲ್ಲಿ ನಾನು ಹಸಿ ಮಣ್ಣು ನೋಡಿದ್ದೇನೆ. ಅಂಥದ್ದನ್ನು ನಾಲ್ಕು ಸಲ ನೋಡಿದ ಮೇಲೆ ಐದನೆಯವನು ಸತ್ಯ ಹೇಳಿದರೂ ಅವನ ಉಗುರು ನೋಡಬೇಕು ಅನಿಸುತ್ತದೆ.

ನಮ್ಮ ಮನೆತನಕ್ಕೂ ಇದು ಹೊಸದಲ್ಲ. ಸವಣೂರಿನ ನಮ್ಮ ಮನೆಯಲ್ಲಿ ಅಜ್ಜ ಶಾಸ್ತ್ರ ಓದಿದವರು. ಎದುರಿನವನ ಮಾತು ಒಪ್ಪುವ ಮೊದಲು ಅದರಲ್ಲಿ ದೋಷ ಹುಡುಕಬೇಕು ಎಂಬುದು ಅವರ ಕ್ರಮ. ಅವರು ಅದನ್ನು ಗ್ರಂಥಗಳಿಗೆ ಮಾತ್ರ ಬಳಸುತ್ತಿದ್ದರು, ನಾನು ಹಾಲು ಹಾಕುವವನಿಗೂ ಬಳಸುತ್ತೇನೆ. ನಿಮ್ಮದು ಕಾಮಾಲೆ ಕಣ್ಣು ಎಂದು ನನ್ನ ಹೆಂಡತಿ ಹೇಳುತ್ತಾಳೆ. ಹಾಗೆ ಹೇಳುವುದರಲ್ಲಿ ಅವಳ ಉದ್ದೇಶವೇನು ಎಂದು ನಾನು ಯೋಚಿಸುತ್ತೇನೆ.

ನಿವೃತ್ತನಾದ ಮೇಲೆ ಹಿತ್ತಲಿನ ದನದ ಕೊಟ್ಟಿಗೆಯಲ್ಲಿ ತಗಡಿನ ಕೆಲಸ ಶುರು ಮಾಡುತ್ತೇನೆ ಎಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. ದನ ಮಾರಿ ಏಳೆಂಟು ವರ್ಷವಾಗಿತ್ತು. ಕೊಟ್ಟಿಗೆ ತುಂಬ ಹಳೆಯ ಬಾಗಿಲು, ಮುರಿದ ತೊಟ್ಟಿಲು, ಯಾರದೋ ಮದುವೆಯ ತೋರಣದ ಬಿದಿರು. ಅದನ್ನೆಲ್ಲ ತೆಗೆಸಿ, ನೆಲಕ್ಕೆ ಕಾಂಕ್ರೀಟು ಹಾಕಿಸಿ, ಎರಡು ಟ್ಯೂಬ್‌ಲೈಟ್ ಕಟ್ಟಿಸಿದೆ. ಜನ್ಮವಿಡೀ ಬೇರೆಯವರ ಭೂಮಿಯ ಮೇಲೆ ಗೆರೆ ಎಳೆದೆ, ಎಳೆದ ಒಂದೊಂದು ಗೆರೆಗೂ ಒಂದೊಂದು ಜಗಳ ಹುಟ್ಟಿತು. ಇನ್ನು ಮುಂದೆ ಕಾಳು ತುಂಬುವ ಡಬ್ಬಿ, ನೀರು ಹಿಡಿಯುವ ಬಕೀಟು ಮಾಡಬೇಕು, ಅದರ ಮೇಲೆ ಯಾರೂ ತಕರಾರು ಅರ್ಜಿ ಹಾಕುವುದಿಲ್ಲ ಎಂಬುದು ನನ್ನ ಆಸೆಯಾಗಿತ್ತು.

ಈ ಆಸೆ ಹುಟ್ಟಿಸಿದವರು ಹಿರೇಕೆರೂರಿನ ಒಬ್ಬ ತಗಡಿನ ಕೆಲಸದ ಮಿಸ್ತ್ರಿ. ನೌಕರಿಯ ಕೊನೆಯ ನಾಲ್ಕು ವರ್ಷ ನಾನು ಆ ಊರಿನಲ್ಲಿದ್ದೆ. ಒಂದು ಮಳೆಗಾಲದಲ್ಲಿ ಅಬಲೂರಿನ ಕಡೆ ಮೋಜಣಿಗೆ ಹೋದಾಗ ನಕಾಶೆಗಳು ನೆನೆದು ಮುದ್ದೆಯಾದವು. ಸಂತೆ ಬೀದಿಯಲ್ಲಿದ್ದ ಮಿಸ್ತ್ರಿಯ ಅಂಗಡಿಗೆ ಹೋಗಿ, ನಕಾಶೆ ಸುತ್ತಿಡಲು ಒಂದು ಉದ್ದನೆಯ ತಗಡಿನ ಡಬ್ಬಿ ಮಾಡಿಕೊಡಿ ಎಂದೆ. ಅವರು ಮಾಡಿಕೊಟ್ಟ ಡಬ್ಬಿಯಲ್ಲಿ ತಗಡಿನ ಎರಡು ಅಂಚು ಎಲ್ಲಿ ಕೂಡಿವೆ ಎಂದು ನನಗೆ ಕಣ್ಣಿಗೆ ಕಾಣಲಿಲ್ಲ. ಉಗುರಿನಿಂದ ಸವರಿ ಹುಡುಕಬೇಕಾಯಿತು. ನೀರು ತುಂಬಿಸಿ ಒಂದು ರಾತ್ರಿ ನಿಲ್ಲಿಸಿ ಪರೀಕ್ಷೆಯನ್ನೂ ಮಾಡಿದೆ, ಒಂದು ಹನಿಯೂ ಸೋರಲಿಲ್ಲ. ಅವತ್ತಿನಿಂದ ಮಧ್ಯಾಹ್ನದ ಬುತ್ತಿ ಬಿಚ್ಚುವುದು ಅವರ ಅಂಗಡಿಯ ಸ್ಟೂಲಿನ ಮೇಲೆ ಎಂದಾಯಿತು. ನಾನು ಉಣ್ಣುತ್ತ ನೋಡುತ್ತಿದ್ದೆ, ಅವರು ಬಡಿಯುತ್ತ ಮಾತಾಡುತ್ತಿದ್ದರು.

ನನಗಿಂತ ಹತ್ತು ವರ್ಷ ದೊಡ್ಡವರು. ಇತ್ತೀಚೆಗೆ ಅವರ ಬಲಗೈ ನಡುಗತೊಡಗಿತ್ತು. ಕತ್ತರಿ ಹಿಡಿದಾಗ ಗೊತ್ತಾಗುತ್ತಿರಲಿಲ್ಲ, ಚಹಾದ ಕಪ್ಪು ಹಿಡಿದಾಗ ಗೊತ್ತಾಗುತ್ತಿತ್ತು. ಅವರ ಮನೆಯಲ್ಲಿ ಈ ಕೆಲಸ ಕಲಿತವರು ಯಾರೂ ಇರಲಿಲ್ಲ. ನಾನು ಕೊಟ್ಟಿಗೆಯ ವಿಚಾರ ಹೇಳಿದಾಗ ಅವರು ಒಂದು ಮಾತು ಕೊಟ್ಟರು.

"ಈ ಸಲ ಗೋವಿನಜೋಳದ ಸುಗ್ಗಿ ಮುಗಿದ ಮ್ಯಾಗ ನಾ ಅಂಗಡಿ ಮುಚ್ಚತೇನಿ, ಸಾಹೇಬ್ರ. ಅಷ್ಟರಾಗ ನೀವು ಸರಿಯಾದ ಹತಾರ ಕೂಡಿಸ್ರಿ. ನಾಕು ತಿಂಗಳು ನಿಮ್ಮ ಕೊಟ್ಟಿಗ್ಯಾಗ ಬಂದು ಕುಂತು ಕಲಸ್ತೇನಿ. ಅಲ್ಲೀಮಟ ಈ ಕೈ ನಡೀತೈತಿ."

ಕೂಲಿ ಏನು ಎಂದು ಕೇಳಿದೆ. ಎರಡು ಹೊತ್ತು ರೊಟ್ಟಿ ಸಾಕು ಎಂದರು. ನನಗೆ ಖುಷಿಯಾಯಿತು. ಆದರೆ ಬಸ್ಸು ಹಾವೇರಿ ಮುಟ್ಟುವಷ್ಟರಲ್ಲಿ ಖುಷಿಯ ಜಾಗದಲ್ಲಿ ಪ್ರಶ್ನೆ ಕುಳಿತಿತ್ತು. ಐವತ್ತು ವರ್ಷ ಹೊಟ್ಟೆ ಹೊರೆದ ವಿದ್ಯೆಯನ್ನು ಯಾರಾದರೂ ರೊಟ್ಟಿಗೆ ಕಲಿಸುತ್ತಾರೆಯೇ? ಇದರಲ್ಲಿ ಅವರಿಗೇನು ಸಿಗುತ್ತದೆ? ಆ ಕೈ ನಿಲ್ಲುವುದರೊಳಗೆ ಕಲಿಯಬೇಕು, ಇಲ್ಲವಾದರೆ ಆ ಕಾಣದ ಜೋಡಣೆ ನನಗೆ ಮತ್ತೆಲ್ಲೂ ಸಿಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಆ ಪ್ರಶ್ನೆ ಕುಳಿತ ಜಾಗ ಬಿಟ್ಟು ಏಳಲಿಲ್ಲ.

ಹತಾರದ ಪಟ್ಟಿ ಅವರೇ ಹೇಳಿದ್ದರು. ತಗಡು ಕತ್ತರಿಸುವ ಕತ್ತರಿ ಎರಡು, ಒಂದು ನೇರಕ್ಕೆ, ಒಂದು ದುಂಡಿಗೆ. ಹುಣಸೆ ಕಟ್ಟಿಗೆಯ ಕೊಡತಿ, ಏಕೆಂದರೆ ಕಬ್ಬಿಣದ ಸುತ್ತಿಗೆಯಿಂದ ಹೊಡೆದರೆ ತಗಡಿಗೆ ತಗ್ಗು ಬೀಳುತ್ತದೆ. ದಿಮ್ಮಿಯಲ್ಲಿ ನೆಟ್ಟು ಅದರ ತಲೆಯ ಮೇಲೆ ತಗಡು ಬಾಗಿಸುವ ಕಬ್ಬಿಣದ ಗೂಟಗಳು. ಅವು ತಮ್ಮವೇ ಇವೆ, ತರುತ್ತೇನೆ ಎಂದಿದ್ದರು. ಕೊಳ್ಳಬೇಕಾದದ್ದು ಮುಖ್ಯವಾಗಿ ಒಂದೇ, ಬೆಂಡಿಂಗ್ ಮಷೀನು. ಎರಡು ದಪ್ಪ ಪಟ್ಟಿಗಳ ನಡುವೆ ತಗಡು ಹಿಡಿದು, ಮುಂದಿನ ರೆಕ್ಕೆಯನ್ನು ಕೈಯಿಂದ ಎತ್ತಿದರೆ ತಗಡು ನೇರ ಗೆರೆಯಲ್ಲಿ ಮಡಚಿಕೊಳ್ಳಬೇಕು. ಮೂರು ಫೂಟಿನದು ಸಾಕು, ಆದರೆ ಗಟ್ಟಿಯಾದದ್ದು ಬೇಕು ಎಂದರು. ನಾನು ಮೊಬೈಲಿನಲ್ಲಿ ವಿಡಿಯೋಗಳನ್ನು ನೋಡಿದ್ದೆ. ಅವುಗಳಲ್ಲಿ ಎಲ್ಲರೂ ನಾಲ್ಕು ಫೂಟಿನದನ್ನೇ ಹೊಗಳುತ್ತಿದ್ದರು. ಹೊಗಳುವವರಿಗೆ ಕಂಪನಿಯವರು ಕೊಡುತ್ತಾರೆ ಎಂದು ಅವರನ್ನೂ ನಂಬಿರಲಿಲ್ಲ ಅನ್ನಿ.

ಮೊದಲು ಮಿಸ್ತ್ರಿ, ನಾನು ಇಬ್ಬರೂ ಶಿಗ್ಗಾಂವಿಗೆ ಹೋದೆವು. ಹೊಸ ಮಷೀನುಗಳ ಅಂಗಡಿ. ಮೋಟಾರು ಕೂಡಿಸಿದ ಒಂದು ಮಷೀನಿನ ಮುಂದೆ ಅಂಗಡಿಯವರು ನಮ್ಮನ್ನು ಅರ್ಧ ಗಂಟೆ ನಿಲ್ಲಿಸಿದರು. ಮಿಸ್ತ್ರಿ ಅದರ ಮೇಲೆ ಕೈಯಾಡಿಸಿ, ಭಾಳ ಛಲೋ ಐತ್ರಿ ಎಂದರು. ಹೊರಗೆ ಬಂದ ಮೇಲೆ, ಅದು ಒಂದೇ ನಮೂನಿಯ ಸಾವಿರ ಡಬ್ಬಿ ಮಾಡುವವರಿಗೆ, ನಿಮಗೆ ಬೇಡ ಎಂದರು. ಅದರ ಬೆಲೆ ಕೇಳಿಯೇ ನನ್ನ ಬಾಯಿ ಒಣಗಿತ್ತು, ಆದ್ದರಿಂದ ಅಂದು ಅನುಮಾನ ಬರಲಿಲ್ಲ.

ಬಂದದ್ದು ಹಾನಗಲ್ಲಿನಲ್ಲಿ. ಟ್ರಂಕು ಮಾಡುತ್ತಿದ್ದ ಒಬ್ಬರು ಕೆಲಸ ನಿಲ್ಲಿಸಿ ನಾಲ್ಕು ಫೂಟಿನ ಮಷೀನು ಮಾರಲಿಟ್ಟಿದ್ದರು. ನೀಲಿ ಬಣ್ಣ ಬಳಿದು ಲಕಲಕ ಮಾಡಿದ್ದರು. ನಾನು ಚೀಲದಿಂದ ಉಕ್ಕಿನ ಅಳತೆಪಟ್ಟಿ, ಮೂಲೆಯ ನೇರ ನೋಡುವ ಗುನ್ಯಾ, ದಾರ ಎಲ್ಲ ತೆಗೆದೆ. ದಾರ ಎಳೆದು ಹಿಡಿದು ಮಷೀನಿನ ಪಟ್ಟಿಯ ಈ ತುದಿಯಿಂದ ಆ ತುದಿಯವರೆಗೆ ನೋಡಿದೆ, ಒಂದು ಕೂದಲೆಳೆಯಷ್ಟೂ ಡೊಂಕಿಲ್ಲ. ಮೂಲೆಗೆ ಗುನ್ಯಾ ಇಟ್ಟೆ, ಸರಿಯಾಗಿ ಕುಳಿತುಕೊಂಡಿತು. ನನ್ನ ಜೀವನದಲ್ಲಿ ಇಷ್ಟು ನೇರವಾದ ಬಾಂದು ಒಂದೂ ಸಿಕ್ಕಿರಲಿಲ್ಲ. ಮಿಸ್ತ್ರಿ ಮಾತ್ರ ಅಳತೆಯ ಗೋಜಿಗೇ ಹೋಗಲಿಲ್ಲ. ಚೂರು ತಗಡಿನ ಎರಡು ಪಟ್ಟಿ ಕೇಳಿ ತೆಗೆದುಕೊಂಡು, ಅಗಲವಾದ ಒಂದು ತಗಡಿನ ಜೊತೆಗೇ ಮಷೀನಿಗೆ ಕೊಟ್ಟು, ಒಂದನ್ನು ತುದಿಯಲ್ಲಿಟ್ಟು ಒಮ್ಮೆ, ಇನ್ನೊಂದನ್ನು ನಡುವೆ ಇಟ್ಟು ಮತ್ತೊಮ್ಮೆ ರೆಕ್ಕೆ ಎತ್ತಿ ಮಡಚಿದರು. ಎರಡನ್ನೂ ಬೆಳಕಿಗೆ ಹಿಡಿದು ನೋಡಿ ಜೇಬಿಗೆ ಹಾಕಿಕೊಂಡರು. ಆಮೇಲೆ ಮಾಲಕರ ಕಡೆ ತಿರುಗಿ, ಛಲೋ ಐತ್ರಿ, ಭಾಳ ಚಂದ ಇಟ್ಟೀರಿ ಎಂದರು. ಇಬ್ಬರೂ ಬಾಗಿಲ ಹತ್ತಿರ ನಿಂತು ಚಹಾ ಕುಡಿದರು. ಏನೋ ಸಣ್ಣ ದನಿಯಲ್ಲಿ ಮಾತಾಡಿ ನಕ್ಕರು. ನಾನು ಮಷೀನಿನ ಹಿಂದೆ ಬಗ್ಗಿ ಬೋಲ್ಟು ನೋಡುವವನ ಹಾಗೆ ಮಾಡಿ ಅವರನ್ನೇ ನೋಡುತ್ತಿದ್ದೆ.

ಬಸ್ಸಿನಲ್ಲಿ ಕುಳಿತ ಮೇಲೆ ಮಿಸ್ತ್ರಿ, "ಅದು ಬ್ಯಾಡ್ರಿ. ನಡು ಸೋತೈತಿ" ಎಂದರು.

ಅಲ್ಲಿ ಹೊಗಳಿದಿರಲ್ಲ ಎಂದು ಕೇಳಿದೆ.

"ಅವ್ರ ಮನಿಯಾಗ ನಿಂತು ಅವ್ರ ಹತಾರ ಬೈಬೇಕೇನ್ರಿ? ಇಪ್ಪತ್ತು ವರ್ಷ ಅನ್ನಾ ಹಾಕೈತಿ ಅದು. ನಮ್ಮ ಕೆಲಸದಾಗ ಹಂಗ ಯಾರೂ ಮಾಡಂಗಿಲ್ಲ."

ಜೇಬಿನಿಂದ ಎರಡು ಪಟ್ಟಿ ತೆಗೆದು ತೋರಿಸಿದರು. ತುದಿಯಲ್ಲಿ ಮಡಚಿದ್ದು ಪೂರ್ತಿ ಮಡಚಿತ್ತು, ನಡುವಿನದು ಸ್ವಲ್ಪ ಬಾಯಿ ಬಿಟ್ಟಿತ್ತು. ಸ್ವಲ್ಪ ಎಂದರೆ ಒಂದು ಅಕ್ಕಿಕಾಳು ತೂರುವಷ್ಟು. ದಾರಕ್ಕೆ ಸಿಗದ ಡೊಂಕು ಈ ಚೂರಿಗೆ ಹೇಗೆ ಸಿಕ್ಕಿತು ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಅವರು ಹೇಳುತ್ತಿದ್ದರು. ನನ್ನ ತಲೆಯಲ್ಲಿ ಅಜ್ಜನ ತರ್ಕ ಶುರುವಾಗಿತ್ತು. ಅಲ್ಲಿ ಇಲ್ಲದ್ದನ್ನು ಇದೆ ಎಂದು ಹೇಳಬಲ್ಲವನು ಇಲ್ಲಿ ಇದ್ದದ್ದನ್ನು ಇಲ್ಲ ಎಂದು ಹೇಳಲಾರನೇ? ಕೈ ಅವರದು, ಬಲ ಅವರದು. ನಡುವಿನ ಪಟ್ಟಿಗೆ ಬೇಕೆಂದೇ ಕಡಿಮೆ ಬಲ ಹಾಕಿರಬಹುದು.

ಮುಂದಿನ ವಾರ ಅವರು ನನ್ನನ್ನು ಯಲವಿಗಿಗೆ ಕರೆದರು. ಸ್ಟೇಷನ್ನಿನಿಂದ ಸ್ವಲ್ಪ ದೂರದ ಒಂದು ಒಕ್ಕಲುತನದ ಮನೆ. ಆ ಮನೆಯ ಹೆಣ್ಣುಮಗಳ ಮಾವ ಒಂದು ಕಾಲದಲ್ಲಿ ತಗಡಿನ ಕೆಲಸ ಮಾಡುತ್ತಿದ್ದರಂತೆ. ಹೊಟ್ಟಿನ ಕೋಣೆಯ ಮೂಲೆಯಲ್ಲಿ ಮೂರು ಫೂಟಿನ ಒಂದು ಮಷೀನು ನಿಂತಿತ್ತು. ಮೈಯೆಲ್ಲ ತುಕ್ಕು, ಮೇಲೆ ಒಂದು ಕೋಳಿ ಕುಳಿತಿತ್ತು. ಮಿಸ್ತ್ರಿ ಕೋಳಿಯನ್ನು ಎಬ್ಬಿಸಿದರು. ರೆಕ್ಕೆಯನ್ನು ಎತ್ತಿದರು, ಇಳಿಸಿದರು. ಮತ್ತೊಮ್ಮೆ ಎತ್ತಿ ಇಳಿಸಿದರು. ಆಮೇಲೆ ಅದರ ಮೇಲೆ ಅಂಗೈ ಇಟ್ಟು ಸುಮ್ಮನೆ ನಿಂತುಬಿಟ್ಟರು. ಛಲೋ ಅನ್ನಲಿಲ್ಲ, ಕೆಟ್ಟದ್ದು ಅನ್ನಲಿಲ್ಲ. ನೀರು ಕುಡಿದು, "ಬರ್ತೇವವ್ವಾ" ಎಂದು ಹೊರಟರು. ಆ ಹೆಣ್ಣುಮಗಳು ಅವರ ಕೈಗೆ ಒಂದು ಗಂಟು ಹಸಿ ಶೇಂಗಾ ಕೊಟ್ಟಳು.

ದಾರಿಯಲ್ಲಿ ಕೇಳಿದೆ, ಹೇಗಿದೆ ಎಂದು.

"ಅದನ್ನ ತಗೋರಿ."

ತುಕ್ಕು ಹಿಡಿದಿದೆಯಲ್ಲ ಎಂದರೆ, "ತುಕ್ಕು ಮ್ಯಾಗಿಂದ್ರಿ. ಎರಡ ದಿನ ತಿಕ್ಕಿದ್ರ ಹೊಕ್ಕೈತಿ" ಎಂದರು. ಸ್ಟೇಷನ್ನಿನ ಕಟ್ಟೆಯ ಮೇಲೆ ಕುಳಿತು ಗಂಟು ಬಿಚ್ಚಿ ಶೇಂಗಾ ಎರಡು ಪಾಲು ಮಾಡಿ ಒಂದನ್ನು ನನ್ನ ಕಡೆ ಸರಿಸಿದರು. ಹಸಿ ಶೇಂಗಾ ನನ್ನ ಹೊಟ್ಟೆಗೆ ಆಗುವುದಿಲ್ಲ ಎಂದು ಸುಳ್ಳು ಹೇಳಿದೆ.

ಮನೆಗೆ ಬಂದು ಎಲ್ಲವನ್ನೂ ಒಂದು ಕೇಸಿನ ಕಾಗದಗಳ ಹಾಗೆ ಜೋಡಿಸಿದೆ. ಹೊಗಳಿದ್ದು ಹಾನಗಲ್ಲಿನದನ್ನು, ಬೇಡ ಎಂದದ್ದೂ ಅದನ್ನೇ. ಯಲವಿಗಿಯದರ ಬಗ್ಗೆ ಒಂದು ಒಳ್ಳೆಯ ಮಾತೂ ಬಾಯಿಂದ ಬರಲಿಲ್ಲ, ಆದರೆ ತೆಗೆದುಕೊಳ್ಳಿ ಎಂದದ್ದು ಅದನ್ನು. ಆ ಮನೆಯವರಿಗೆ ಅವರು ಪರಿಚಿತರು. ಶೇಂಗಾದ ಗಂಟು ಅವರ ಕೈಗೇ ಬಂತು. ಇನ್ನೂ ಆಳಕ್ಕೆ ಇಳಿದೆ: ಒಳ್ಳೆಯ ಮಷೀನು ನನ್ನ ಕೈಗೆ ಬಂದರೆ ಹಿರೇಕೆರೂರಿನ ಅಂಗಡಿಯ ಗಿರಾಕಿಗಳು ಸವಣೂರಿಗೆ ಬರುತ್ತಾರೆ. ಅಂಗಡಿ ಮುಚ್ಚುತ್ತೇನೆ ಎಂದವರು ಮುಚ್ಚಿಯೇ ಮುಚ್ಚುತ್ತಾರೆ ಎಂದು ಯಾರು ನೋಡಿದ್ದಾರೆ? ಎಲ್ಲ ಸರಿಯಾಗಿ ಕೂಡಿತು. ನಕಾಶೆಯಲ್ಲಿ ಎಲ್ಲ ಗೆರೆಗಳೂ ಕೂಡಿದಾಗ ಆಗುತ್ತಿದ್ದ ಸಮಾಧಾನವೇ ಅಂದೂ ಆಯಿತು, ಇದನ್ನು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ.

ಹೆಂಡತಿಗೆ ಹೇಳಿದೆ. ಅವಳು ಹಿಟ್ಟು ನಾದುವುದನ್ನು ನಿಲ್ಲಿಸದೆ, "ಅವರು ನಿಮಗ ಕಲಸ್ತೇನಿ ಅಂದ್ರಲ್ಲ, ಅದು ಸುಳ್ಳಾಗಿದ್ರ ಹತಾರ ಹುಡುಕ್ಲಿಕ್ಕೆ ಯಾಕ ತಿರಗತಿದ್ರು?" ಎಂದಳು. ಕೇಳಿಸಲಿಲ್ಲ ಎಂಬಂತೆ ಹೊರಗೆ ಬಂದೆ.

ಎರಡು ದಿನ ಬಿಟ್ಟು ಒಬ್ಬನೇ ಹಾನಗಲ್ಲಿಗೆ ಹೋಗಿ ಆ ನೀಲಿ ಮಷೀನು ಕೊಂಡು ಟೆಂಪೋದಲ್ಲಿ ಹಾಕಿಸಿಕೊಂಡು ಬಂದೆ. ಮಾರುವವರು ಮಿಸ್ತ್ರಿಯವರು ಬರಲಿಲ್ಲವೇ ಎಂದು ಕೇಳಿದರು. ಅವರಿಗೆ ಆರಾಮಿಲ್ಲ ಎಂದೆ. ಅಂದು ಸಂಜೆಯೇ ಮಿಸ್ತ್ರಿಯ ಫೋನು ಬಂತು, ಯಲವಿಗಿಯಿಂದ ಮಷೀನು ಯಾವಾಗ ತರೋಣ ಎಂದು. ವಿಚಾರ ಮಾಡುತ್ತಿದ್ದೇನೆ ಎಂದೆ. ಮುಂದಿನ ವಾರ ಮತ್ತೆ ಬಂತು. ಎತ್ತಲಿಲ್ಲ. ಆಮೇಲೆ ಬರಲಿಲ್ಲ.

ಕೊಟ್ಟಿಗೆಯಲ್ಲಿ ಮಷೀನು ಕೂಡಿಸಿ ಮೊದಲ ಒಂದು ತಿಂಗಳು ಸಣ್ಣ ಸಣ್ಣ ತುಂಡು ಮಡಚಿದೆ. ಎಲ್ಲ ನೇರವಾಗಿ ಬಂದವು. ಹಾರಿ ಕುಣಿಯುವುದೊಂದು ಬಾಕಿ. ನನ್ನ ತಂಗಿ ಕಾಳಿಗೆ ಒಂದು ದೊಡ್ಡ ಡಬ್ಬಿ ಬೇಕು ಎಂದಿದ್ದಳು, ಅದಕ್ಕೆ ಕೈ ಹಾಕಿದೆ. ಮೂರೂವರೆ ಫೂಟಿನ ತಗಡು ಕೊಟ್ಟು ರೆಕ್ಕೆ ಎತ್ತಿದೆ. ಎರಡು ತುದಿಗೂ ಚೊಕ್ಕವಾಗಿ ಮಡಚಿತು, ನಡುವೆ ಹೊಟ್ಟೆ ಬಂತು. ಇನ್ನಷ್ಟು ಬಲ ಹಾಕಿ ಎತ್ತಿದೆ. ತುದಿಗಳು ಹೆಚ್ಚು ಮಡಚಿದವು, ನಡು ಹಾಗೇ ಬಾಯಿ ತೆರೆದಿತ್ತು. ಇನ್ನೊಂದು ತಗಡು, ಮತ್ತೊಂದು ತಗಡು. ಪಟ್ಟಿಯ ಕೆಳಗೆ ಕಾಗದ ಮಡಚಿ ಇಟ್ಟು ನೋಡಿದೆ, ಬೋಲ್ಟು ಬಿಗಿದು ನೋಡಿದೆ, ಮತ್ತೆ ದಾರ ಹಿಡಿದು ನೋಡಿದೆ. ದಾರಕ್ಕೆ ಈಗಲೂ ಎಲ್ಲ ನೇರವಾಗಿಯೇ ಕಾಣುತ್ತಿತ್ತು.

ಆಗ ಅರ್ಥವಾಯಿತು. ನಾನು ಅಳೆದದ್ದು ಸುಮ್ಮನೆ ನಿಂತಿದ್ದ ಮಷೀನನ್ನು. ಹೊಲ ನಿಂತಲ್ಲೇ ನಿಂತಿರುತ್ತದೆ, ಅದನ್ನು ಹಾಗೆ ಅಳೆಯಬಹುದು. ಮಷೀನು ಭಾರ ಬಿದ್ದಾಗ ಹೇಗಿರುತ್ತದೆ ಎಂದು ನೋಡಬೇಕು. ಮಿಸ್ತ್ರಿ ಅಗಲವಾದ ತಗಡನ್ನು ಜೊತೆಗೆ ಕೊಟ್ಟು ಭಾರ ಬೀಳಿಸಿಯೇ ಆ ಚೂರು ಮಡಚಿದ್ದರು. ಅದರ ನಡು ಇಪ್ಪತ್ತು ವರ್ಷ ಟ್ರಂಕಿನ ತಗಡು ಎತ್ತಿ ಎತ್ತಿ ಸೋತಿತ್ತು. ಸ್ವಚ್ಛ ಕನ್ನಡದಲ್ಲಿ ಅದನ್ನೇ ಅವರು ನನಗೆ ಹೇಳಿದ್ದರು.

ತಂಗಿಯ ಡಬ್ಬಿಯ ಮುಚ್ಚಳ ಮುಚ್ಚಲೇ ಇಲ್ಲ. "ಇರ್ಲಿ ಬಿಡ್ರಿ, ಅದರಾಗ ಕಾಳು ಬ್ಯಾಡ, ನಿಮ್ಮ ಅನುಮಾನ ತುಂಬಿಡೂಣು" ಎಂದಳು ಹೆಂಡತಿ. ನಗು ಬರಲಿಲ್ಲ.

ಮರುದಿನವೇ ಯಲವಿಗಿಗೆ ಹೋದೆ. ಆ ಮಷೀನು ತಂದು, ಈ ನೀಲಿಯದನ್ನು ಮಾರಿ, ಏನೂ ನಡೆದೇ ಇಲ್ಲ ಎಂಬಂತೆ ಮಿಸ್ತ್ರಿಗೆ ಫೋನು ಮಾಡುವುದು ನನ್ನ ಹಂಚಿಕೆ. ಹೊಟ್ಟಿನ ಕೋಣೆಯ ಮೂಲೆ ಖಾಲಿಯಿತ್ತು. ಗುಜರಿಯವನಿಗೆ ಹಾಕಿದೆವು, ನಾಲ್ಕು ದಿನ ಆಯಿತು, ಅವನು ಇಲ್ಲೇ ಅಂಗಳದಲ್ಲಿ ಒಡೆದು ತುಂಬಿಕೊಂಡು ಹೋದ ಎಂದಳು ಆ ಹೆಣ್ಣುಮಗಳು. ನಿಮಗೆ ಮಾರುವ ಅವಸರವೇನಿತ್ತು ಎಂದು ನಾನು ಅವಳ ಮೇಲೇ ಸಿಟ್ಟಾದೆ.

"ಅವಸರ ಎಲ್ಲೀದ್ರಿ? ಆ ಹಿರ್ಯಾರು ಕೈ ಇಟ್ಟು ಸುಮ್ಮನ ನಿಂತ್ರು. ಛಲೋ ಅಂದಿದ್ರ ಇವರಿಗೆ ಬ್ಯಾಡಾಗೈತಿ ಅಂತ ತಿಳೀತಿದ್ವಿ. ಸುಮ್ಮನಾದ್ರಲ್ಲ, ತಗೋತಾರ ಅಂತ ತಿಂಗಳಮಟ ದಾರಿ ನೋಡಿದ್ವಿ. ಕಡೀಕ ಅವರೇ ಫೋನ್ ಮಾಡಿ, ಸಾಹೇಬ್ರಿಗೆ ಮನಸಿಲ್ಲ, ನೀವು ನೋಡ್ಕೊಳ್ರಿ ಅಂದ್ರು."

ನಾನು ಓದಿದವನು, ನಕಾಶೆ ಓದಬಲ್ಲವನು. ಹೊಟ್ಟಿನ ಕೋಣೆಯ ಬಾಗಿಲಲ್ಲಿ ನಿಂತಿದ್ದ ಈ ಹೆಣ್ಣುಮಗಳಿಗೆ ಒಂದೇ ನೋಟಕ್ಕೆ ಓದಲು ಬಂದದ್ದು ನನಗೆ ಬಂದಿರಲಿಲ್ಲ. ಕೆಟ್ಟ ಹತಾರಕ್ಕೆ ಮರ್ಯಾದೆಯ ಮಾತು, ಒಳ್ಳೆಯ ಹತಾರಕ್ಕೆ ಮೌನ. ದೃಷ್ಟಿ ತಾಕೀತೆಂದು ಕೂಸಿನ ಮೈ ನೋಡಿ ಯಾರೂ ಬಾಯಿ ಬಿಟ್ಟು ಹೊಗಳುವುದಿಲ್ಲವಲ್ಲ, ಹಾಗೆ. ಇದು ಇಲ್ಲಿಯವರಿಗೆಲ್ಲ ಗೊತ್ತಿರುವ ಸಂಗತಿ. ನಾನೂ ಇಲ್ಲಿಯವನೇ.

ಯಲವಿಗಿಯಿಂದ ನೇರವಾಗಿ ಹಾವೇರಿಗೆ ಬಂದು ಹಿರೇಕೆರೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ರಸ್ತೆಯ ಮೇಲೆ ಗೋವಿನಜೋಳ ಒಣಗಲು ಹಾಕಿದ್ದರು, ಬಸ್ಸು ಉಳಿದ ಅರ್ಧ ರಸ್ತೆಯಲ್ಲೇ ಹೋಗುತ್ತಿತ್ತು. ಸುಗ್ಗಿ ಮುಗಿಯುತ್ತ ಬಂದಿತ್ತು. ಅಂಗಡಿ ಮುಚ್ಚಿಬಿಟ್ಟಿದ್ದರೆ ಏನು ಮಾಡುವುದು ಎಂದು ನನಗೆ ನಿಜವಾಗಿ ಹೆದರಿಕೆಯಾಯಿತು.

ಅಂಗಡಿ ತೆರೆದಿತ್ತು. ಅರ್ಧದಷ್ಟು ಸಾಮಾನು ಆಗಲೇ ಖಾಲಿಯಾಗಿತ್ತು. ಮಿಸ್ತ್ರಿ, "ಬರ್ರಿ ಸಾಹೇಬ್ರ, ಕುಂಡ್ರರಿ" ಎಂದು ಸ್ಟೂಲು ಸರಿಸಿದರು. ನಾನು ಕುಳಿತುಕೊಳ್ಳಲಿಲ್ಲ. ನಿಂತುಕೊಂಡೇ ಎಲ್ಲ ಹೇಳಿದೆ. ಹಾನಗಲ್ಲಿನದನ್ನು ಕೊಂಡದ್ದು, ಫೋನು ಎತ್ತದೇ ಇದ್ದದ್ದು, ಅವರು ಯಲವಿಗಿಯವರ ಜೊತೆ ಸೇರಿ ನನಗೆ ಮೋಸ ಮಾಡುತ್ತಿದ್ದಾರೆ ಎಂದು ತಿಳಿದದ್ದು, ನನ್ನಿಂದ ಆ ಮಷೀನು ಗುಜರಿಗೆ ಹೋದದ್ದು. ನಿಮ್ಮ ಮೇಲೆ ಅನುಮಾನ ಪಟ್ಟೆ, ತಪ್ಪಾಯಿತು ಎಂದೆ. ದೊಡ್ಡವರ ಮುಂದೆ ಹೀಗೆ ಸ್ಪಷ್ಟವಾಗಿ ತಪ್ಪೊಪ್ಪಿಕೊಂಡು ನನಗೆ ರೂಢಿಯಿಲ್ಲ.

ಅವರು ಕೈಯಲ್ಲಿದ್ದ ಲಾಳಿಕೆಯ ಅಂಚು ತಿರುವಿ ಮುಗಿಸಿ ಕೆಳಗಿಟ್ಟರು.

"ಗೊತ್ತಿತ್ರಿ. ಹಾನಗಲ್ಲಿಂದ ಬರೂವಾಗ ಬಸ್ಸಿನ್ಯಾಗ ನೀವು ಚೀಲಾ ನನ್ನ ಮಗ್ಗಲದಿಂದ ತಗದು ಕಿಡಕಿ ಕಡೆ ಇಟ್ಕೊಂಡ್ರಿ."

ನನಗೆ ಹಾಗೆ ಮಾಡಿದ ನೆನಪಿಲ್ಲ. ಮಾಡಿರಲಿಕ್ಕಿಲ್ಲ ಎಂದು ಹೇಳುವ ಧೈರ್ಯವೂ ಇಲ್ಲ. ಗೊತ್ತಿದ್ದೂ ಮರುವಾರ ಯಲವಿಗಿಗೆ ಕರೆದುಕೊಂಡು ಹೋದರಲ್ಲ, ಅದು ನನ್ನ ಎದೆಗೆ ನಾಟಿತು. ಇನ್ನೊಂದು ಮಷೀನು ಹುಡುಕುತ್ತೇನೆ, ನೀವು ಆರಿಸಿದ್ದನ್ನೇ ಕಣ್ಣುಮುಚ್ಚಿ ತರುತ್ತೇನೆ, ಮಾತು ಕೊಟ್ಟ ಹಾಗೆ ಬನ್ನಿ ಎಂದು ಬೇಡಿಕೊಂಡೆ.

"ಹತಾರದ ಮಾತಲ್ರಿ ಇದು," ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಡು ಸೋತ ಮಷೀನಿನ ಮ್ಯಾಗೂ ಕೆಲಸ ತಗೀಬಹುದು, ಅದಕ್ಕೂ ಉಪಾಯ ಐತಿ. ಆದ್ರ ನಾ ಕಲಸೂವಾಗ ನೀವು ತಗಡು ನೋಡಂಗಿಲ್ಲ. ಇಂವಾ ಏನು ಮುಚ್ಚಿಡಾಕತ್ತಾನು ಅಂತ ನನ್ನ ಕೈ ನೋಡ್ಕೋತ ಕುಂಡ್ರತೀರಿ. ಹಂಗ ಕಲ್ಯಾಕ ಆಗಂಗಿಲ್ರಿ."

ಇಲ್ಲ, ಹಾಗೆ ಮಾಡುವುದಿಲ್ಲ ಎಂದು ಹೇಳಲು ಬಾಯಿ ತೆರೆದೆ. ಅವರ ಬಲಗೈ ಮೊಣಕಾಲಿನ ಮೇಲೆ ನಡುಗುತ್ತಿತ್ತು. ಅದು ನಿಜವಾಗಿ ನಡುಗುತ್ತಿದೆಯೋ, ಇಲ್ಲ ನನ್ನನ್ನು ಸಾಗಹಾಕಲು ಅವರೇ ನಡುಗಿಸುತ್ತಿದ್ದಾರೋ ಎಂದು ನಾನು ನೋಡುತ್ತಿದ್ದೆ.